ಮುರಗೆಪ್ಪ ನೋಡದ ಊಟ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ರಾಯಬಾಗದ ಪೇಟೆಯ ಹಿಂದಿನ ಓಣಿಯೊಂದರಲ್ಲಿ ಮುರಗೆಪ್ಪ ನಡುರಸ್ತೆಯಲ್ಲೇ ಮೊಣಕಾಲೂರಿ ಕುಳಿತಿದ್ದಾರೆ. ಕಬ್ಬಿಣದ ಮುಚ್ಚಳ ಪಕ್ಕಕ್ಕೆ ಸರಿದಿದೆ, ಕೆಳಗಿನ ಗುಂಡಿಯಲ್ಲಿ ನೀರಿನ ವಾಲ್ ಇದೆ. ಎದೆಮಟ್ಟ ಬರುವ ಕಬ್ಬಿಣದ ಚಾವಿಯನ್ನು ಗುಂಡಿಗಿಳಿಸಿ, ವಾಲ್‌ನ ತಲೆಗೆ ಕೂರಿಸಿ, ತಿರುಗಿಸತೊಡಗುತ್ತಾರೆ. ಬಾಯಲ್ಲಿ ಎಣಿಕೆ ನಡೆದಿರುತ್ತದೆ. ಹನ್ನೊಂದಕ್ಕೆ ನಿಲ್ಲಿಸಿ, ಚಾವಿಯ ಹಿಡಿಗೆ ಬಲಗಿವಿ ಆನಿಸಿ ಕಣ್ಣು ಮುಚ್ಚುತ್ತಾರೆ.

‘ಬಂತು’ ಎನ್ನುತ್ತಾರೆ, ತಮಗೆ ತಾವೇ.

ಅರ್ಧ ನಿಮಿಷದ ಬಳಿಕ ಓಣಿಯ ಮೊದಲ ಮನೆಯ ನಳ ಕೆಮ್ಮುತ್ತದೆ. ಮೊದಲು ಗಾಳಿ, ಬೆನ್ನಿಗೇ ನೀರು. ಒಳಗೆ ಯಾರೋ ಯಾರನ್ನೋ ಎಬ್ಬಿಸುತ್ತಾರೆ, ಕೊಡವೊಂದು ಉರುಳುತ್ತದೆ. ಅಷ್ಟರಲ್ಲಿ ಮುರಗೆಪ್ಪ ಮುಚ್ಚಳ ಎಳೆದು, ಚಾವಿಯನ್ನು ಗಾಡಿಯ ಮಗ್ಗುಲಿಗೆ ಕಟ್ಟಿಕೊಂಡು ಮುಂದಿನ ಓಣಿಗೆ ಹೊರಟಾಗಿದೆ. ಬಾಗಿಲು ತೆರೆದು ಹೊರಬಂದ ಹೆಂಗಸಿಗೆ ಕಾಣುವುದು ಗಾಡಿಯ ಹಿಂದಿನ ಕೆಂಪು ದೀಪ ಮಾತ್ರ.

ಊರಿಗೆ ನೀರು ಬಿಡುವ ಕೆಲಸಕ್ಕೆ ಅವರು ಸೇರಿ ಇಪ್ಪತ್ತಾರು ವರ್ಷವಾಯಿತು. ಈಗ ವಯಸ್ಸು ಐವತ್ತೈದು. ಅವರ ಪಾಲಿಗೆ ಬಂದಿರುವುದು ನಲವತ್ತೊಂದು ವಾಲ್. ನದಿಯಿಂದ ಮೇಲೆತ್ತಿದ ನೀರು ಊರಿನ ಎತ್ತರದ ಟಾಕಿಗೆ ಬಂದು ಬೀಳುತ್ತದೆ, ಟಾಕಿಯಿಂದ ಯಾವ ಓಣಿಗೆ ಯಾವಾಗ ಎಷ್ಟು ಹೋಗಬೇಕೆಂಬುದು ಈ ನಲವತ್ತೊಂದು ಗುಂಡಿಗಳಲ್ಲಿ ತೀರ್ಮಾನವಾಗುತ್ತದೆ. ಬೇರೆ ದಿನಗಳಲ್ಲಿ ನಾಲ್ಕು ದಿನಕ್ಕೊಮ್ಮೆ ಒಂದು ಓಣಿಯ ಪಾಳಿ. ಮೇ ತಿಂಗಳಲ್ಲಿ ನದಿ ತಳ ಕಂಡಾಗ ಎಂಟು ದಿನಕ್ಕೊಮ್ಮೆ.

ನೆಲದ ಕೆಳಗಿನ ಪೈಪುಗಳ ನಕಾಶೆ ಎಲ್ಲಿದೆ ಎಂದು ಕೇಳಿದರೆ ಮುರಗೆಪ್ಪ ಹಣೆ ಮುಟ್ಟಿಕೊಂಡು ನಗುತ್ತಾರೆ. ಕೆಲಸ ಕಲಿಸಿದವರು ಬಾಳಾಸಾಬ ಎಂಬ ಹಿರಿಯರು, ಈಗಿಲ್ಲ. ಮೊದಲ ಆರು ತಿಂಗಳು ಅವರು ಶಿಷ್ಯನಿಗೆ ಚಾವಿ ತಿರುಗಿಸಲು ಕೊಡಲೇ ಇಲ್ಲವಂತೆ. ಬರೀ ಕಿವಿ ಹಚ್ಚಿಸಿದರು. ತುಂಬಿ ಹರಿಯುವ ನೀರಿನ ಸದ್ದು, ಗಾಳಿ ಬೆರೆತ ನೀರಿನ ಸದ್ದು, ಎಲ್ಲೋ ಒಡೆದು ಸೋರುವ ಪೈಪಿನ ಸದ್ದು ಎಲ್ಲವನ್ನೂ ಕಬ್ಬಿಣದ ಮೂಲಕ ಕೇಳಿ ಕಲಿಯಬೇಕಿತ್ತು. ‘ಕೈ ಎಲ್ಲಾರಿಗೂ ಅದಾವು, ಕಿವಿ ತಯಾರ ಮಾಡಕೋ ಅಂತಿದ್ರು. ಆವಾಗ ಬ್ಯಾಸರ ಆಗತಿತ್ತರಿ. ಈಗ ಹಾಸಗ್ಯಾಗ ಮಲಗಿದ್ರೂ ಯಾವ ಓಣ್ಯಾಗ ನಳ ಚಾಲೂ ಐತಿ ಅಂತ ಹೇಳತೀನಿ’ ಎನ್ನುತ್ತಾರೆ.

ಗುಂಡಿಗೆ ಕೈ ಹಾಕಿದಾಗ ಒಡೆದ ಬಾಟಲಿ ಕೊಯ್ದ ಗಾಯದ ಗುರುತು ಎಡ ಅಂಗೈಯಲ್ಲಿ ಉದ್ದಕ್ಕೆ ಇದೆ. ಎರಡು ಸಲ ಹಾವು ಸಿಕ್ಕಿದೆ, ಎರಡೂ ಸಲ ಹಾವೇ ಹೆಚ್ಚು ಹೆದರಿತ್ತಂತೆ. ಮಳೆಗಾಲದಲ್ಲಿ ಗಟಾರದ ನೀರು ತುಂಬಿದ ಗುಂಡಿಗೆ ಸೊಂಟದವರೆಗೆ ಇಳಿದದ್ದುಂಟು. ಇವನ್ನೆಲ್ಲ ಅವರು ಬೇರೆ ಯಾರದೋ ಸುದ್ದಿಯೆಂಬಂತೆ ಹೇಳಿ ಮುಗಿಸುತ್ತಾರೆ. ಬೇಸಿಗೆಯ ಫೋನುಗಳ ಮಾತು ಬಂದಾಗ ಮಾತ್ರ ದನಿ ಸ್ವಲ್ಪ ತಗ್ಗುತ್ತದೆ. ದಿನಕ್ಕೆ ಅರವತ್ತು, ಎಪ್ಪತ್ತು. ಅದರಲ್ಲಿ ಅರ್ಧದಷ್ಟು ಬೈಗುಳದಿಂದಲೇ ಶುರುವಾಗುತ್ತವೆ.

‘ನೀರ ಬಂದ ದಿನಾ ಯಾರೂ ಫೋನ್ ಹಚ್ಚೂದಿಲ್ರಿ. ಫೋನ್ ಸುಮ್ಮ ಕುಂತೈತಿ ಅಂದ್ರ ಅದ ನನಗ ಶಾಬಾಸ್ಕಿ.’

ಹಾಗೆಂದು ಊರಿನವರಿಗೆ ಅವರ ಮೇಲೆ ನಂಬಿಕೆ ಇಲ್ಲವೆಂದಲ್ಲ. ನಂಬಿಕೆ ಎಷ್ಟಿದೆ ಎಂಬುದನ್ನು ಪಾಳಿಯ ದಿನ ಓಣಿಯಲ್ಲಿ ನಡೆದರೆ ಕಾಣಬಹುದು. ನೀರು ಬರುವ ಮುಂಚೆಯೇ ಹೆಂಗಸರು ಮನೆಯಲ್ಲಿ ಉಳಿದ ಹಳೆಯ ನೀರನ್ನು ದನಕ್ಕೆ, ಗಿಡಕ್ಕೆ, ಅಂಗಳಕ್ಕೆ ಸುರಿದುಬಿಡುತ್ತಾರೆ. ಕೊಡ, ಹಂಡೆ, ಬ್ಯಾರಲ್ಲುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಬಾಯಿ ಕೆಳಗೆ ಮಾಡಿ ಸಾಲಾಗಿ ಇಡುತ್ತಾರೆ. ಆಗ ಮನೆಯಲ್ಲಿ ಕುಡಿಯಲು ಒಂದು ತಂಬಿಗೆ ನೀರೂ ಇರುವುದಿಲ್ಲ. ಮುರಗೆಪ್ಪ ಹೇಳಿದ ಹೊತ್ತಿಗೆ ನೀರು ಬಂದೇ ಬರುತ್ತದೆ ಎಂದು ಇಡೀ ಓಣಿ ಬರಿದಾಗಿ ಕಾಯುತ್ತದೆ. ‘ಒಂದೊಂದ ಕೊಡಾ ಆದ್ರೂ ತಡದ ಇಟಗೋರ್ರೆವಾ ಅಂತ ಎಷ್ಟ ಸಲ ಹೇಳೀನಿ, ಕೇಳೂದಿಲ್ಲ. ಆ ಡಬ್ಬ ಹಾಕಿದ ಕೊಡಾ ನೋಡಿದ್ರ ನನಗ ಎದಿ ಝಲ್ ಅಂತೈತ್ರಿ’ ಎನ್ನುತ್ತಾರೆ.

ಇಂದು ಮೇ ಹದಿನಾಲ್ಕು. ಮುರಗೆಪ್ಪ ಮತ್ತು ಚನ್ನವ್ವ ಮದುವೆಯಾಗಿ ಇವತ್ತಿಗೆ ಮೂವತ್ತು ವರ್ಷ.

ಲಗ್ನಗಳು ಹೆಚ್ಚಾಗಿ ನಡೆಯುವುದೇ ಬೇಸಿಗೆಯಲ್ಲಿ, ನೀರಿಗೆ ಬರ ಬರುವುದೂ ಬೇಸಿಗೆಯಲ್ಲೇ. ಹಾಗಾಗಿ ಪ್ರತಿವರ್ಷ ಈ ದಿನ ಮುರಗೆಪ್ಪ ಮನೆಯಲ್ಲಿ ಇರುವುದಿಲ್ಲ. ಮೊದಮೊದಲು ಅದು ಯಾರಿಗೂ ನೆನಪಿನ ದಿನವೇ ಆಗಿರಲಿಲ್ಲ. ಇಪ್ಪತ್ತೈದನೆಯ ವರ್ಷ ಮಗಳು ರೂಪಾಲಿ ಒತ್ತಾಯ ಮಾಡಿ ಇಬ್ಬರನ್ನೂ ಹೋಟೆಲಿಗೆ ಕಳಿಸಲು ತಯಾರು ಮಾಡಿದ್ದಳು. ಚನ್ನವ್ವ ಸೀರೆ ಉಟ್ಟು, ತಲೆಗೆ ಮಲ್ಲಿಗೆ ಮುಡಿದು ಕಟ್ಟೆಯ ಮೇಲೆ ಕುಳಿತಿದ್ದರು. ಅಂದು ಸಂಜೆ ಪೇಟೆಯಲ್ಲಿ ದೊಡ್ಡ ಪೈಪು ಒಡೆಯಿತು. ಮುರಗೆಪ್ಪ ಮೈಯೆಲ್ಲ ಕೆಸರಾಗಿ ಮನೆಗೆ ಬಂದಾಗ ಸೀರೆ ಮಡಚಿ ಒಳಗೆ ಹೋಗಿತ್ತು, ಸ್ನಾನಕ್ಕೆ ನೀರು ಕಾದಿತ್ತು. ‘ಬೈದಿದ್ರ ಚಲೋ ಇತ್ತರಿ’ ಎಂದು ಮುರಗೆಪ್ಪ ಈಗಲೂ ಹೇಳುತ್ತಾರೆ.

ಈಗ ರೂಪಾಲಿ ನಿಪ್ಪಾಣಿಯಲ್ಲಿ ಗಂಡನ ಮನೆಯಲ್ಲಿದ್ದಾಳೆ. ಕಳೆದ ಫೆಬ್ರುವರಿಯಲ್ಲಿ ಅವಳ ಮದುವೆಯ ಎರಡನೆಯ ವರ್ಷಕ್ಕೆ ಗಂಡ ಅಮಿತ ಹೋಟೆಲಿಗೆ ಕರೆದೊಯ್ದಿದ್ದ. ಫೋಟೋ ಫೋನಿಗೆ ಬಂತು. ಚನ್ನವ್ವ ಅದರಲ್ಲಿ ದೀಪ ನೋಡಿದರು, ಮೆತ್ತನೆಯ ಕುರ್ಚಿ ನೋಡಿದರು, ಬಟ್ಟಲಲ್ಲಿದ್ದ ಕೆಂಪು ಸೂಪು ಏನೆಂದು ಕೇಳಿದರು. ಮುರಗೆಪ್ಪ ನೋಡಿದ್ದು ಬೇರೆ. ಮಗಳು ಬಾಯಿಗೆ ತುತ್ತಿಡುತ್ತಿದ್ದಾಳೆ, ಎದುರಿಗೆ ಕುಳಿತ ಅಳಿಯ ತನ್ನ ತಾಟು ಮರೆತು ಅವಳನ್ನೇ ನೋಡುತ್ತಿದ್ದಾನೆ.

ಆ ಫೋಟೋ ನೋಡಿದ ಮೇಲೆ ಒಂದು ವಿಷಯ ಅವರ ತಲೆಯಿಂದ ಹೋಗಲೇ ಇಲ್ಲ. ಚಾವಿಯ ಮೇಲಿನ ಮಣ್ಣನ್ನು ಬೆರಳಿನಿಂದ ಕೆರೆಯುತ್ತ ಅದನ್ನು ಹೇಳಿದರು.

‘ಮೂವತ್ತ ವರ್ಷದಾಗ ಆಕಿ ಉಣ್ಣೂದನ್ನ ನಾ ನೋಡೇ ಇಲ್ರಿ.’

ಮೊದಲು ನಂಬಲಾಗದ ಮಾತಿದು. ಆಮೇಲೆ ಲೆಕ್ಕ ಹಾಕಿದರೆ ಸರಿ ಎನಿಸುತ್ತದೆ. ಮದುವೆಯಲ್ಲಿ ಮದುಮಕ್ಕಳು ಒಂದೇ ತಾಟಿನಲ್ಲಿ ಉಣ್ಣುವ ಭೂಮದ ಊಟಕ್ಕೆ ಕುಳಿತಾಗ ಚನ್ನವ್ವ ಹದಿನೆಂಟರ ಹುಡುಗಿ. ಬಾಸಿಂಗ ಕಟ್ಟಿದ ತಲೆಯನ್ನು ಎತ್ತಲೇ ಇಲ್ಲ, ಅನ್ನದ ನಾಲ್ಕು ಅಗುಳು ಮುಟ್ಟಿ ಕೈ ಹಿಂದೆ ತೆಗೆದಿದ್ದರು. ಆಮೇಲೆ ಅತ್ತೆಯ ಕಾಲ. ಗಂಡಸರದು ಮುಗಿದ ಮೇಲೆ ಹೆಂಗಸರು ಅಡುಗೆಮನೆಯ ಬಾಗಿಲು ಮುಂದಕ್ಕೆಳೆದುಕೊಂಡು ಉಣ್ಣುತ್ತಿದ್ದರು. ಅತ್ತೆ ತೀರಿಕೊಂಡು ಹದಿನಾಲ್ಕು ವರ್ಷವಾದರೂ ರೂಢಿ ಹಾಗೆಯೇ ಉಳಿಯಿತು. ಮುರಗೆಪ್ಪ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಾರೆ, ಟಾಕಿ ತುಂಬುವುದರೊಳಗೆ ಏಳೆಂಟು ನಿಮಿಷದಲ್ಲಿ ಉಂಡು ಎದ್ದು ಹೋಗುತ್ತಾರೆ. ಚನ್ನವ್ವ ಬಡಿಸುತ್ತಾರೆ. ಅವರ ಊಟ ಗಾಡಿಯ ಸದ್ದು ಓಣಿ ದಾಟಿದ ಮೇಲೆ.

‘ಏನ ಸೇರತೈತಿ, ಎಷ್ಟ ಉಣ್ಣತಾಳ, ಏನೂ ಗೊತ್ತಿಲ್ಲ ನನಗ. ಊರಾಗಿನ ನಲವತ್ತೊಂದ ವಾಲ್ ಗೊತ್ತು. ಇದ ಗೊತ್ತಿಲ್ಲ. ಒಮ್ಮಿ ಎದುರಿಗೆ ಕುಂತ ನೋಡಬೇಕಂತ ಆಸೆ ಆಗೇತಿ.’

ಅದಕ್ಕೆಂದೇ ಈ ಸಲ ಅವರು ಹದಿನೈದು ದಿನ ಮುಂಚಿನಿಂದಲೇ ತಯಾರಿ ನಡೆಸಿದ್ದಾರೆ. ಚಿಂಚಲಿ ರಸ್ತೆಯ ಹೊಸ ಹೋಟೆಲಿನಲ್ಲಿ ಏಳು ಗಂಟೆಗೆ ಇಬ್ಬರಿಗೆ ಜಾಗ ಹೇಳಿಟ್ಟಿದ್ದಾರೆ. ಸಂಜೆಯ ಪಾಳಿ ದಿಬ್ಬದ ಗಲ್ಲಿಯದು. ಅದನ್ನು ಜೊತೆಯಲ್ಲಿ ಕೆಲಸ ಮಾಡುವ ಮಾಳೇಶನಿಗೆ ವಹಿಸಿದ್ದಾರೆ. ಮಾಳೇಶ ನಲವತ್ತರ ಆಸುಪಾಸಿನವನು, ಕೆಲಸಗಾರ, ಆದರೆ ಅವಸರದವನು. ದಿಬ್ಬದ ಗಲ್ಲಿಯ ವಾಲ್ ಹಳೆಯದು. ಪೂರ್ತಿ ತೆರೆದರೆ ಒಳಗಿನ ತಗಡು ಜಾರಿ ಅಡ್ಡ ಬೀಳುತ್ತದೆ. ಒಂಬತ್ತು ಸುತ್ತು ತೆರೆದು, ಅರ್ಧ ಸುತ್ತು ಹಿಂದಕ್ಕೆ ತಂದು, ಕಿವಿ ಹಚ್ಚಿ ಕೇಳಬೇಕು. ಇದನ್ನು ಅವನಿಗೆ ಮೂರು ದಿನ ಮಾಡಿ ತೋರಿಸಿದ್ದಾರೆ. ಇವತ್ತು ಮಧ್ಯಾಹ್ನ ನಾಲ್ಕನೆಯ ಸಲ ಹೇಳಿದಾಗ ಮಾಳೇಶ ಕೈಮುಗಿದ. ‘ಮಾಮಾ, ನೀ ಏನ ಲಗ್ನಾ ಆಗಾಕ ಹೊಂಟೀಯೋ, ಉಣ್ಣಾಕ ಹೊಂಟೀಯೋ? ಹೋಗ ಇನ್ನ, ಮಾಮಿ ಕಾಯಾಕತ್ತಾಳ’ ಎಂದ.

ಏಳು ಗಂಟೆಗೆ ಐದು ನಿಮಿಷ ಮೊದಲೇ ಇಬ್ಬರೂ ಹೋಟೆಲಿನ ಗಾಜಿನ ಬಾಗಿಲ ಮುಂದೆ ನಿಂತಿದ್ದಾರೆ. ಮುರಗೆಪ್ಪನವರ ಮೈಮೇಲೆ ಅಳಿಯ ಕೊಡಿಸಿದ ಬಿಳಿ ಅಂಗಿ. ಗಾಡಿಯ ಮಗ್ಗುಲಲ್ಲಿ ಚಾವಿ ಕಟ್ಟಿಯೇ ಇದೆ. ಇವತ್ತಾದರೂ ಅದನ್ನು ಮನೆಯಲ್ಲಿ ಇಡಬಾರದೇ ಎಂದು ಚನ್ನವ್ವ ಕೇಳಿದ್ದರಂತೆ. ಬಿಚ್ಚಿದರೆ ಗಾಡಿ ಒಂದು ಕಡೆ ವಾಲಿದಂತೆ ಆಗುತ್ತದೆ ಎಂದು ಇವರು ಹೇಳಿದರಂತೆ.

ಒಳಗೆ ಚನ್ನವ್ವ ಕಿಟಕಿಯ ಪಕ್ಕದ ಮೇಜು ಆರಿಸುತ್ತಾರೆ. ಕುರ್ಚಿಯಲ್ಲಿ ಮೊದಲು ತುದಿಗೆ, ಆಮೇಲೆ ಹಿಂದಕ್ಕೆ ಸರಿದು ಕೂರುತ್ತಾರೆ. ಬಂದ ಮಾಣಿ ಮಿರಜಿನ ಕಡೆಯವನು, ರೋಹನ ಎಂದು ಹೆಸರು. ಅವನಿಗೆ ಮರಾಠಿ ಸಲೀಸು. ಚನ್ನವ್ವನ ತವರು ಮರಾಠಿ ಗಡಿಯ ಕಾಗವಾಡ. ಯಾವ ಪಲ್ಯ ಖಾರ, ಯಾವುದು ಬೆಳಗಿನದು, ಯಾವುದು ಈಗ ಮಾಡಿದ್ದು ಎಂದು ಅವರು ಮರಾಠಿಯಲ್ಲಿ ಒಂದೊಂದಾಗಿ ವಿಚಾರಿಸುವುದನ್ನು ಮುರಗೆಪ್ಪ ಬೆರಗಾಗಿ ಕೇಳುತ್ತಾರೆ. ಮನೆಯಲ್ಲಿ ಆಕೆ ಇಷ್ಟು ಮಾತಾಡಿದ್ದು ಅವರು ಕಂಡಿಲ್ಲ. ಕೊನೆಗೆ ಟೊಮೆಟೊ ಸೂಪು, ಮಸೂರ ಕಾಳಿನ ಪಲ್ಯ, ರೋಟಿ, ಜೀರಿಗೆ ಅನ್ನ ಎಂದು ತೀರ್ಮಾನವಾಗುತ್ತದೆ. ‘ಅವಸರ ಇಲ್ಲ, ಸಾವಕಾಶ ತಗೊಂಡ ಬಾ’ ಎಂದು ಮುರಗೆಪ್ಪ ಹೇಳುತ್ತಾರೆ. ಸಾವಕಾಶ ಎಂಬ ಮಾತು ತಮ್ಮ ಬಾಯಿಂದ ಬಂದದ್ದಕ್ಕೆ ಅವರಿಗೇ ನಗು ಬರುತ್ತದೆ.

ಸೂಪು ಬರುತ್ತದೆ. ಚನ್ನವ್ವ ಬಟ್ಟಲನ್ನು ಗಂಡನ ಮುಂದೆ ಸರಿಸಿ, ಚಮಚ ಒರೆಸಿ ಕೊಟ್ಟು, ಕೈಕಟ್ಟಿ ಕೂರುತ್ತಾರೆ.

‘ನೀ ಕುಡಿ.’

‘ನೀವ ಕುಡೀರಿ ಮೊದಲ.’

‘ಇವತ್ತ ನೀ ಮೊದಲ.’

‘ಏನ ಹಟಾರೀ ನಿಮ್ದು. ಮಂದಿ ನೋಡತಾರ.’

ಇಬ್ಬರೂ ಮುಟ್ಟದ ಸೂಪಿನ ಮೇಲೆ ಕೆನೆ ಕಟ್ಟುತ್ತದೆ. ಚನ್ನವ್ವ ನಗುತ್ತ ಕೊನೆಗೂ ಚಮಚಕ್ಕೆ ಕೈ ಹಾಕುತ್ತಾರೆ. ಆಗಲೇ ಫೋನ್ ಬಡಿದುಕೊಳ್ಳುತ್ತದೆ.

ಮಾಳೇಶ. ದಿಬ್ಬದ ಕೆಳಗಿನ ಮನೆಗಳಿಗೆ ನೀರು ಸಣ್ಣಗೆ ಬರುತ್ತಿದೆ, ಮೇಲಿನ ನಲವತ್ತು ಮನೆಗಳಿಗೆ ಹನಿ ಇಲ್ಲ. ವಾಲ್ ಪೂರ್ತಿ ತೆರೆದುಬಿಟ್ಟಿದ್ದಾನೆ. ತಗಡು ಅಡ್ಡ ಬಿದ್ದಿದೆ, ಈಗ ಚಾವಿ ಆಚೆಗೂ ತಿರುಗುತ್ತಿಲ್ಲ, ಈಚೆಗೂ ತಿರುಗುತ್ತಿಲ್ಲ. ಟಾಕಿಯಲ್ಲಿ ಇರುವುದು ಇನ್ನೊಂದು ತಾಸಿನ ನೀರು. ಅದು ತಗ್ಗಿನ ಓಣಿಗಳಿಗೆ ಹರಿದು ಖಾಲಿಯಾದರೆ ದಿಬ್ಬಕ್ಕೆ ಮತ್ತೆ ಪಾಳಿ ಬರುವುದು ಎಂಟು ದಿನಕ್ಕೆ.

ಮುರಗೆಪ್ಪ ಫೋನನ್ನು ಮೇಜಿನ ಮೇಲೆ ಡಬ್ಬ ಹಾಕಿ ಇಡುತ್ತಾರೆ. ಹೆಂಡತಿಯ ಮುಖ ನೋಡುವುದಿಲ್ಲ.

‘ಯಾವ ಗಲ್ಲಿ?’ ಎಂದು ಚನ್ನವ್ವ ಕೇಳುತ್ತಾರೆ.

‘ದಿಬ್ಬದ್ದು.’

ಚನ್ನವ್ವ ಚಮಚವನ್ನು ಬಟ್ಟಲಿನ ಪಕ್ಕಕ್ಕೆ ಇಡುತ್ತಾರೆ. ಅವರು ಇಪ್ಪತ್ತು ವರ್ಷ ಬಾಡಿಗೆ ಮನೆಯಲ್ಲಿ ಇದ್ದದ್ದು ಅದೇ ಗಲ್ಲಿಯಲ್ಲಿ.

‘ಎಲ್ಲಾರೂ ಕೊಡಾ ತಿಕ್ಕಿ ಡಬ್ಬ ಹಾಕಿರ್ತಾರ. ಹೋಗ್ರಿ. ನಾ ಮನಿಗೆ ಹೋಗತೀನಿ.’

‘ಮನಿಗೆ ಹೋಗಬ್ಯಾಡ.’

‘ಹಂಗಾರ ಇಲ್ಲೇ ಕಾಯತೀನಿ.’

‘ಕಾಯಲೂಬ್ಯಾಡ. ಉಣ್ಣು. ಬಿಸೀದ ಬಿಸೀ ಉಣ್ಣು. ನೀ ಹಂಗ ಕುಂತಿ ಅಂದ್ರ ಅಲ್ಲಿ ನನ್ನ ಕೈಯಾಗ ಚಾವಿ ತಿರುಗೂದಿಲ್ಲ.’

ಗಂಡನಿಗಿಂತ ಮೊದಲು ಉಂಡು ಗೊತ್ತಿಲ್ಲದ ಚನ್ನವ್ವ ಬಟ್ಟಲನ್ನೇ ನೋಡುತ್ತ ಕೂರುತ್ತಾರೆ. ಮುರಗೆಪ್ಪ ಹೋಗುವಾಗ ರೋಹನನ ಹೆಗಲ ಮೇಲೆ ಕೈಯಿಟ್ಟು, ಹೇಳಿದ್ದೆಲ್ಲವನ್ನೂ ಒಂದಾದ ಮೇಲೆ ಒಂದು ತಂದಿಡಬೇಕು, ಯಾವುದೂ ತಪ್ಪಬಾರದು ಎಂದು ಹೇಳಿ ಬಾಗಿಲು ದಾಟುತ್ತಾರೆ.

ದಿಬ್ಬದ ಗಲ್ಲಿಯಲ್ಲಿ ಗುಂಡಿಯ ಸುತ್ತ ಹೆಂಗಸರು ನೆರೆದಿದ್ದಾರೆ. ಮಾಳೇಶ ಬೆವರಿನಲ್ಲಿ ತೊಯ್ದು ನಿಂತಿದ್ದಾನೆ. ಮನೆಗಳ ಮುಂದೆ ತಿಕ್ಕಿದ ಕೊಡಗಳು ಬೀದಿದೀಪಕ್ಕೆ ಹೊಳೆಯುತ್ತಿವೆ. ಬಿಳಿ ಅಂಗಿ ಕಂಡದ್ದೇ ತಡ, ಗಲ್ಲಿಯ ಹಿರಿಯಳು ಜನಾಬಾಯಿ ಶುರು ಮಾಡುತ್ತಾಳೆ. ‘ಬಾರಪಾ ನೀರಿನ ಸಾವಕಾರ. ಮೊಮ್ಮಗಾ ತಾಸಿನಿಂದ ನೀರ ನೀರ ಅಂತ ಅಳಾಕತ್ತೈತಿ, ನೀ ಅಂಗಿ ಇಸ್ತ್ರಿ ಮಾಡಕೋಂತ ಕುಂತಿದ್ದೇನು?’

ಮುರಗೆಪ್ಪ ಗುಂಡಿಗಿಳಿಯುತ್ತಾರೆ. ಜನಾಬಾಯಿಗೆ ವಿಷಯ ತಿಳಿಸುವವನು ಮಾಳೇಶ. ಮುದುಕಿ ಈಗ ಇನ್ನೊಂದು ಬಗೆಯಲ್ಲಿ ಬೈಯುತ್ತಾಳೆ. ಚನ್ನಿಯನ್ನು ಒಂಟಿಯಾಗಿ ಕೂರಿಸಿ ಬಂದೆಯಾ, ಬುದ್ಧಿ ಎಲ್ಲಿಟ್ಟಿದ್ದೀ ಎನ್ನುತ್ತಾಳೆ. ತಾನೇ ಹೋಗಿ ಮನೆಯಿಂದ ಬ್ಯಾಟರಿ ತಂದು ಗುಂಡಿಗೆ ಬೆಳಕು ಹಿಡಿಯುತ್ತಾಳೆ.

ಸಿಕ್ಕಿಬಿದ್ದ ತಗಡನ್ನು ಬಲದಿಂದ ಎಬ್ಬಿಸಲಾಗದು. ಮುರಗೆಪ್ಪ ಚಾವಿಯನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಅಲುಗಿಸುತ್ತಾರೆ, ಪ್ರತಿ ಸಲವೂ ಕಿವಿ ಹಚ್ಚುತ್ತಾರೆ. ಅರ್ಧ ತಾಸು ಕಳೆಯುತ್ತದೆ. ಅಂಗಿಯ ತೋಳು ತುಕ್ಕಿನ ನೀರಿನಲ್ಲಿ ಕೆಂಪಾಗಿದೆ. ಯಾವುದೋ ಒಂದು ಅಲುಗಾಟಕ್ಕೆ ಒಳಗೆ ಟಕ್ ಎನ್ನುತ್ತದೆ. ಅವರು ಅರ್ಧ ಸುತ್ತು ಹಿಂದಕ್ಕೆ ತಂದು ಕಣ್ಣು ಮುಚ್ಚುತ್ತಾರೆ. ದಿಬ್ಬದ ತುದಿಯಲ್ಲಿ ಒಂದು ನಳ ಕೆಮ್ಮುತ್ತದೆ, ಆಮೇಲೆ ಇನ್ನೊಂದು.

ಹೆಂಗಸರು ಒಮ್ಮೆಲೇ ಕೊಡಗಳತ್ತ ಓಡುತ್ತಾರೆ. ಗುಂಡಿಯ ಹತ್ತಿರ ಯಾರೂ ಉಳಿಯುವುದಿಲ್ಲ. ಮುಚ್ಚಳ ಎಳೆಯಲು ಮಾಳೇಶ ಕೈಜೋಡಿಸುತ್ತಾನೆ. ಅವನ ಕಣ್ಣು ನೆಲದಲ್ಲಿದೆ. ತಪ್ಪಾಯಿತು ಮಾಮಾ ಎನ್ನುತ್ತಾನೆ. ಮುರಗೆಪ್ಪ ಅವನನ್ನು ಬೈಯುವುದಿಲ್ಲ. ನಾಳೆಯಿಂದ ಆರು ತಿಂಗಳು ಬರೀ ಕಿವಿ ಹಚ್ಚು ಎಂದಷ್ಟೇ ಹೇಳಿ ಗಾಡಿ ಏರುತ್ತಾರೆ.

ಎಂಟೂಕಾಲಿಗೆ ಅವರು ಮತ್ತೆ ಹೋಟೆಲಿನ ಮುಂದೆ ಇದ್ದಾರೆ. ಗಾಡಿ ನಿಲ್ಲಿಸಿ, ಕೈ ಒರೆಸಿಕೊಂಡು, ಬಾಗಿಲತ್ತ ಎರಡು ಹೆಜ್ಜೆ ಇಟ್ಟವರು ನಿಂತುಬಿಡುತ್ತಾರೆ.

ಕಿಟಕಿಯ ಗಾಜಿನೊಳಗೆ ಚನ್ನವ್ವ ಉಣ್ಣುತ್ತಿದ್ದಾರೆ.

ಹೊರಗೆ ಕತ್ತಲೆ, ಒಳಗೆ ಬೆಳಕು. ಆಕೆಗೆ ಇವರು ಕಾಣುವುದಿಲ್ಲ. ಚನ್ನವ್ವ ರೋಟಿಯನ್ನು ದೊಡ್ಡದಾಗಿಯೇ ಮುರಿಯುತ್ತಾರೆ, ಪಲ್ಯದಲ್ಲಿ ಅದ್ದಿ ಒಂದು ಕ್ಷಣ ಮೂಗಿನ ಹತ್ತಿರ ಹಿಡಿಯುತ್ತಾರೆ, ಆಮೇಲೆ ಬಾಯಿಗೆ. ಅಗಿಯುವಾಗ ಕಣ್ಣುಗಳು ಅರ್ಧ ಮುಚ್ಚುತ್ತವೆ. ಆಕೆ ಹಕ್ಕಿಯಷ್ಟು ಉಣ್ಣುವವಳು ಎಂದು ಮುರಗೆಪ್ಪ ಇಷ್ಟು ವರ್ಷ ತಿಳಿದಿದ್ದರು. ಎಡಗಡೆ ಮಾತ್ರ ಅಗಿಯುತ್ತಿದ್ದಾಳೆ. ಬಲಗಡೆಯ ಹಲ್ಲು ನೋಯುತ್ತದೇನೋ, ಯಾವಾಗಿನಿಂದ ನೋಯುತ್ತಿದೆಯೋ. ತಟ್ಟೆಯಲ್ಲಿದ್ದ ನಿಂಬೆಹೋಳನ್ನು ಪಲ್ಯಕ್ಕೆ ಹಿಂಡುತ್ತಾರೆ. ಇನ್ನೊಂದನ್ನು ಈರುಳ್ಳಿಗೆ ಹಿಂಡುತ್ತಾರೆ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಆಚೀಚೆ ನೋಡಿ, ಹಿಂಡಿದ ಸಿಪ್ಪೆಯನ್ನು ಬಾಯಿಗಿಟ್ಟು ಚೀಪುತ್ತಾರೆ. ಮುರಗೆಪ್ಪನವರಿಗೆ ಹುಳಿ ಆಗುವುದಿಲ್ಲ. ಅವರ ಮನೆಗೆ ನಿಂಬೆಹಣ್ಣು ಬಂದದ್ದೇ ಇಲ್ಲ, ಮೂವತ್ತು ವರ್ಷ.

ರೋಹನ ಬಂದು ಏನೋ ಕೇಳುತ್ತಾನೆ. ಚನ್ನವ್ವ ತಲೆಯಾಡಿಸಿ ನಗುತ್ತಾರೆ. ಅವನು ಇನ್ನೊಂದು ತಟ್ಟೆ ನಿಂಬೆಹೋಳು ತಂದಿಡುತ್ತಾನೆ.

ಗಾಡಿ ನಿಲ್ಲಿಸುವ ಜಾಗ ನೋಡಿಕೊಳ್ಳುವ ವಾಚಮನ್ ಹತ್ತಿರ ಬರುತ್ತಾನೆ. ಅಂಗಿಯೆಲ್ಲ ತುಕ್ಕಾದ ಮನುಷ್ಯನೊಬ್ಬ ಕಿಟಕಿಯನ್ನೇ ನೋಡುತ್ತ ನಿಂತರೆ ಯಾರಾದರೂ ಕೇಳಲೇಬೇಕು. ಒಳಗೆ ಕುಳಿತವರು ತಮ್ಮ ಮನೆಯವರು ಎಂದು ಮುರಗೆಪ್ಪ ಹೇಳುತ್ತಾರೆ, ಗಾಜಿನಿಂದ ಕಣ್ಣು ತೆಗೆಯದೆ. ಹಾಗಿದ್ದರೆ ಹೊರಗೇಕೆ ನಿಂತಿದ್ದೀರಿ, ಒಳಗೆ ಹೋಗಿ ಎನ್ನುತ್ತಾನೆ ಅವನು.

‘ಹೋಗತೀನ್ರಿ. ನಾ ಒಳಗ ಹೋದ್ರ ಆಕಿ ಊಟಾ ಬಿಟ್ಟ ನನಗ ಬಡಸಾಕ ಏಳತಾಳ. ತಡೀರಿ, ಇನ್ನೂ ಅರ್ಧಾ ರೋಟಿ ಐತಿ.’